ಘಟ್ಟದ ಹಳ್ಳ ಇಳಿಯುವವರೆಗೆ

ಹೊನ್ನಾವರ ಪೇಟೆಯ ಒಳಗಲ್ಲಿಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಒಂದು ಮಳೆಗಾಲದಲ್ಲಿ ಅದರ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲತೊಡೆಯ ಮೂಳೆ ಮುರಿದುಕೊಂಡೆ. ಒಳಗೆ ರಾಡ್ ಹಾಕಿದರು. ಮೂಳೆ ಕೂಡಿತು, ಇನ್ನು ಹೆದರದೆ ನಡೆಯಿರಿ ಎಂದು ಡಾಕ್ಟರೂ ಹೇಳಿದರು. ಹೆದರಿಕೆ ಮಾತ್ರ ಡಾಕ್ಟರ ಮಾತು ಕೇಳಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದವಳು ಚೂರು ಇಳಿಜಾರು ಕಂಡರೆ ನಿಂತುಬಿಡುತ್ತಿದ್ದೆ. ಯಾರಾದರೂ ಕೈ ಕೊಡಬೇಕು, ಇಲ್ಲವೇ ಹಿಡಿಯಲು ಗೋಡೆ ಸಿಗಬೇಕು. ಮನೆಯಲ್ಲಿ ಎಲ್ಲರೂ ನನ್ನನ್ನು ಗಾಜಿನ ಲೋಟದ ಹಾಗೆ ಎತ್ತಿಡುತ್ತಿದ್ದರು. ಮೊದಮೊದಲು ಅದು ಹಿತವಾಗಿತ್ತು. ಆಮೇಲೆ ಸಿಟ್ಟು ಬರತೊಡಗಿತು.

ನನ್ನ ಅಣ್ಣನ ಹೆಂಡತಿ, ನಮ್ಮ ಅತ್ತಿಗೆ, ನನಗೆ ಪೂರಾ ಉಲ್ಟಾ. ಭಟ್ಕಳದ ಬಂದರಿನ ಹತ್ತಿರ ಅವರ ಮನೆ. ಅಣ್ಣ ಬೋಟಿಗೆ ಹೋಗುವವ. ಅತ್ತಿಗೆ ಮದುವೆಯಾಗಿ ಬಂದಾಗಿನಿಂದ ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಕೇರಿಕೇರಿ ತಿರುಗಿದವಳು. ಈಗ ಮೀನು ಬೈಕಿನ ಮೇಲೆ ಹಾರ್ನ್ ಹೊಡೆಯುತ್ತ ಮನೆಬಾಗಿಲಿಗೆ ಬರುತ್ತದೆ. ಬುಟ್ಟಿಯವಳಿಗಾಗಿ ಯಾರೂ ಕಾಯುವುದಿಲ್ಲ. ಅವಳು ಬುಟ್ಟಿ ಕೆಳಗಿಟ್ಟಳು, ಆದರೆ ಕಾಲು ಸುಮ್ಮನಿರಲು ಒಪ್ಪಲಿಲ್ಲ. ಬೆಳಗಾದರೆ ಸಮುದ್ರದ ದಂಡೆಗುಂಟ ಎಲ್ಲಿಯವರೆಗೋ ಹೋಗಿ ಬರುತ್ತಿದ್ದಳು.

ಘಟ್ಟ ಹತ್ತುವ ಮಾತು ತೆಗೆದವಳು ಅವಳೇ. ನನ್ನ ಅಜ್ಜಿ ಕುಮಟೆಯ ಕಡೆಯವಳು. ಒಣಮೀನಿನ ಮೂಟೆ ಹೊತ್ತು, ಕಾಡಿನ ಕಾಲುದಾರಿಯಲ್ಲಿ ಘಟ್ಟ ಹತ್ತಿ, ಮೇಲಿನ ಊರುಗಳಲ್ಲಿ ಅದನ್ನು ಕೊಟ್ಟು ಅಕ್ಕಿ, ಮೆಣಸು ತರುತ್ತಿದ್ದಳಂತೆ. ಆ ದಾರಿ ಇನ್ನೂ ಇದೆ ಎಂದು ಯಾರೋ ಅತ್ತಿಗೆಗೆ ಹೇಳಿದ್ದರು.

"ನಾವೂ ಒಂದ್ಸಲ ಹತ್ತಿ ನೋಡ್ವ, ತಂಗಿ," ಅಂದಳು.

"ನನ್ನ ಕಾಲು?"

"ಅದನ್ನೂ ತಕಂಡೇ ಬಾ."

ಕಾಡಿನೊಳಗಿನ ದಾರಿಯಾದ್ದರಿಂದ ಅಲ್ಲಿಯ ಫಾರೆಸ್ಟ್ ಗಾರ್ಡಿಗೆ ಫೋನ್ ಮಾಡಿ ಕೇಳಿದೆವು. ದಸರೆ ಕಳೆದ ಮೇಲೆ ಬನ್ನಿ, ನಾನೇ ಜೊತೆಗೆ ಬರುತ್ತೇನೆ ಎಂದ. ದಸರೆ ಮುಗಿಯಿತು. ನಾನು ಅಂಗಡಿಗೆ ಬೀಗ ಹಾಕಿ ಚೀಲ ಕಟ್ಟಿಕೊಂಡು ಭಟ್ಕಳಕ್ಕೆ ಹೋದೆ. ದೀಪಾವಳಿಗೆ ಹೊಲಿಯಲು ಬಟ್ಟೆ ಕೊಟ್ಟವರೆಲ್ಲ ಮುಖ ಊದಿಸಿಕೊಂಡಿದ್ದರು. ಹೊರಡುವ ಹಿಂದಿನ ದಿನ ಗಾರ್ಡಿನ ಫೋನು ಬಂತು.

"ಅಕ್ಕಾ, ದಾರಿಗೆ ಅಡ್ಡ ಬರೂ ಹಳ್ಳ ಇಳೀಲಿಲ್ಲ. ದಿನಾ ಸಂಜೆ ಮೇಲೆ ಮಳೆ ಹೊಡೀತದೆ. ದಾರೀಲಿ ಒಂದು ಕಡೆ ಗುಡ್ಡ ಬೇರೆ ಜರಿದದೆ. ನಾ ಹೇಳೂತನಕ ಬರೂದು ಬ್ಯಾಡ."

ಆ ವರ್ಷ ಹಾಗೇ ಆಗಿತ್ತು. ಕೆಳಗೆ ನಮಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮಧ್ಯಾಹ್ನ ದಾಟಿತೋ ಇಲ್ಲವೋ ಮೂಡಣ ದಿಕ್ಕಿನಲ್ಲಿ ಘಟ್ಟ ಕಪ್ಪಾಗಿ ಗುಡುಗು ಶುರುವಾಗುತ್ತಿತ್ತು. ನಾನು ಚೀಲ ಬಿಚ್ಚಲು ಕೂತೆ. ಅತ್ತಿಗೆ ಬಂದು ನನ್ನ ಕೈ ಹಿಡಿದಳು.

"ಕಟ್ಟಿದ್ದು ಬಿಚ್ಚೂದು ಎಂತಕೆ? ಇಲ್ಲಿಂದಲೇ ನಡೀವ. ಸಮುದ್ರದ ದಂಡೆ ಹಿಡ್ಕಂಡು ಕುಮಟೆ ಮುಟ್ಟೂದ್ರೊಳಗೆ ಹಳ್ಳ ಇಳೀತದೆ. ಅಲ್ಲಿಂದ ಘಟ್ಟ ಹತ್ರ."

ಹೀಗೆ ನಾವು ಕಾಡಿಗೆಂದು ಹೊರಟವರು ಮರಳಿಗೆ ಬಿದ್ದೆವು.

ಮಾರನೆಯ ಬೆಳಗ್ಗೆ ಬಂದರಿನ ಆಚೆ ದಂಡೆಗೆ ಇಳಿದಾಗ ಬಿಳಿ ಟೊಪ್ಪಿಯ ಹಿರಿಯರೊಬ್ಬರು ವಾಕಿಂಗ್ ಬಂದಿದ್ದರು. ನಮ್ಮ ಚೀಲ, ಕೊಡೆ ನೋಡಿ ಅತ್ತಿಗೆಯನ್ನು ಏನೋ ಕೇಳಿದರು. ಅತ್ತಿಗೆ ಅವರದೇ ನವಾಯತಿ ಭಾಷೆಯಲ್ಲಿ ಉತ್ತರ ಕೊಟ್ಟಳು. ಭಟ್ಕಳದ ಮುಸ್ಲಿಂ ಮನೆಗಳಿಗೆ ಮೀನು ಕೊಡುತ್ತ ಕೊಡುತ್ತ ಕಲಿತದ್ದು. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕುಮಟೆಗೆ ಬಸ್ಸಿದೆಯಲ್ಲಮ್ಮ," ಎಂದರು. ಬಸ್ಸಿದೆ ಎಂದು ನಮಗೆ ದಾರಿಯುದ್ದಕ್ಕೂ ಎಷ್ಟು ಜನ ನೆನಪು ಮಾಡಿದರೋ ಲೆಕ್ಕವಿಲ್ಲ.

ನಮ್ಮ ಕಡೆಯ ಅಕ್ಟೋಬರ್ ಬಿಸಿಲು ಬೇಸಿಗೆಯದಕ್ಕಿಂತ ಕೆಟ್ಟದ್ದು. ಮಳೆ ತೊಳೆದಿಟ್ಟ ಆಕಾಶದಲ್ಲಿ ಒಂದು ಚೂರೂ ಮೋಡ ಇರುವುದಿಲ್ಲ. ನೆಲದ ಹಸಿ ಆವಿಯಾಗಿ ಮೇಲೇಳುತ್ತದೆ. ಇಳಿತದ ಹೊತ್ತಿನಲ್ಲಿ ನೀರಂಚಿನ ಗಟ್ಟಿ ಮರಳು ನಡೆಯಲು ಸುಖ. ಭರತ ಏರಿತೆಂದರೆ ಮೇಲಿನ ಸಡಿಲು ಮರಳಿಗೆ ಹೋಗಬೇಕು, ಅಲ್ಲಿ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಹೊಳೆ ಅಡ್ಡ ಬಂದಲ್ಲಿ ಒಳಗೆ ಸೇತುವೆಯವರೆಗೆ ಹೋಗಿ ಸುತ್ತಿ ಬರಬೇಕು. ಮುರ್ಡೇಶ್ವರದ ಗದ್ದಲ ದಾಟಿ ಮಂಕಿಯ ಕಡೆ ಬರುವಾಗ ಮುಂದೆ ಉದ್ದಕ್ಕೂ ಮರಳು, ಹಿಂದೆ ಉದ್ದಕ್ಕೂ ಮರಳು, ನಡುವೆ ಬಿಸಿಲಿಗೆ ನಡುಗುವ ಗಾಳಿ.

"ಟಿವಿಯಲ್ಲಿ ಬರುವ ರಾಜಸ್ಥಾನ ಇದೇ, ಅತ್ತಿಗೆ. ಒಂಟೆ ಒಂದು ಇಲ್ಲ," ಅಂದೆ.

"ಒಂಟೆ ನಾನೇ ಅಲ್ದಾ. ನೀರೇ ಬ್ಯಾಡ ನಂಗೆ."

ಹೌದು, ಅವಳು ನೀರು ಕುಡಿಯುತ್ತಿರಲಿಲ್ಲ. ನಾನು ಬಾಟಲಿ ಚಾಚಿದರೆ ತುಟಿ ಒದ್ದೆ ಮಾಡಿಕೊಂಡು ವಾಪಸ್ಸು ಕೊಡುತ್ತಿದ್ದಳು. ಸಂಜೆ ಯಾರದ್ದಾದರೂ ಮನೆ ಸೇರಿದ ಮೇಲೆ ಮಾತ್ರ ಒಂದು ಚೊಂಬು ಗಟಗಟ ಇಳಿಸುತ್ತಿದ್ದಳು. ಅಭ್ಯಾಸ ಇರಬೇಕು ಎಂದುಕೊಂಡೆ. ಉಳಿಯಲು ತೊಂದರೆಯಿರಲಿಲ್ಲ, ಈ ದಂಡೆಯ ಉದ್ದಕ್ಕೂ ಅವಳಿಗೆ ಒಬ್ಬರಲ್ಲ ಒಬ್ಬರು ನೆಂಟರು. ಗಂಜಿ, ಸುಟ್ಟ ಒಣಮೀನು, ಚಾಪೆ, ಎಲ್ಲ ಕಡೆಯೂ ಸಿಕ್ಕಿತು.

ಶರಾವತಿಯ ಸೇತುವೆ ದಾಟಿ ಹೊನ್ನಾವರಕ್ಕೆ ಬಂದಾಗ ಗಿರಾಕಿಗಳ ಕಣ್ಣಿಗೆ ಬೀಳದಿರಲಿ ಎಂದು ಕೊಡೆಯನ್ನು ಮೂಗಿನವರೆಗೆ ಇಳಿಸಿಕೊಂಡು ಪೇಟೆ ದಾಟಿದೆ. ಆ ದಿನ ನನ್ನ ಮನೆಯಲ್ಲೇ ಉಳಿದೆವು. ಬಾಗಿಲು ತೆಗೆದ ಗಂಡ ನಮ್ಮಿಬ್ಬರ ಸುಟ್ಟ ಮುಖ ನೋಡಿ, "ಇಷ್ಟು ನಡೆದು ಬಂದದ್ದು ಮನೆಗೇ ಅಲ್ವ?" ಎಂದ. ಬೆಳಗ್ಗೆ ಎದ್ದು ನಾನು ಮತ್ತೆ ಬೂಟು ಕಟ್ಟಿಕೊಂಡದ್ದನ್ನು ಕಂಡು ಗೇಟಿನವರೆಗೆ ಬಂದ, ಅಷ್ಟೇ. ಕರ್ಕಿ, ಧಾರೇಶ್ವರ ದಾಟಿ ಹೊಳನಗದ್ದೆಯ ನನ್ನ ಚಿಕ್ಕಮ್ಮನ ಮನೆ ಮುಟ್ಟಿದೆವು. ಕುಮಟೆ ಅಲ್ಲಿಂದ ಕೂಗಳತೆಯಲ್ಲಿದೆ. ಗಾರ್ಡಿಗೆ ಫೋನ್ ಮಾಡಿದರೆ ಅದೇ ಉತ್ತರ: ಹಳ್ಳ ಇಳಿದಿಲ್ಲ.

ಸುಮ್ಮನೆ ಕೂರುವುದು ಅತ್ತಿಗೆಗೆ ಆಗದ ಕೆಲಸ. "ಓಂ ಬೀಚು ಓಂ ಬೀಚು ಹೇಳಿ ಎಲ್ಲೆಲ್ಲಿಂದಲೋ ಜನ ಬತ್ರು. ಇಷ್ಟು ಹತ್ರ ಇದ್ದೂ ನಾ ಕಾಣ್ಲಿಲ್ಲ. ಅಲ್ಲಿತನಕ ಹೋಗಿ ಬರ್ವ," ಎಂದಳು.

ಓಂ ಬೀಚು ಇರುವುದು ಅಘನಾಶಿನಿ ಹೊಳೆಯ ಆಚೆ. ಕುಮಟೆಯಿಂದ ಉತ್ತರಕ್ಕೆ ಆ ಹೊಳೆಯ ಬಾಯಿಯವರೆಗೆ ದಂಡೆ ಒಂದೇ ಸಮ ಇಲ್ಲ. ಒಂದು ಮರಳ ದಂಡೆ, ಆಮೇಲೆ ಸಮುದ್ರಕ್ಕೆ ಚಾಚಿದ ಒಂದು ಗುಡ್ಡ, ಅದನ್ನು ಹತ್ತಿ ಇಳಿದರೆ ಇನ್ನೊಂದು ದಂಡೆ. ಗುಡ್ಡದ ಮೇಲೆಲ್ಲ ಬೋಳು ಚಿರೇಕಲ್ಲು. ಅದರ ಮೇಲೆ ಒಣಗಲು ಹತ್ತಿದ ಹುಲ್ಲು, ನೆರಳೆಂದರೆ ಅಲ್ಲೊಂದು ಇಲ್ಲೊಂದು ಕುಳ್ಳು ಪೊದೆ. ಮೊದಲ ಗುಡ್ಡದ ಇಳಿಜಾರಿನಲ್ಲಿ ನಾನು ಎಂದಿನಂತೆ ನಿಂತೆ, ಅತ್ತಿಗೆ ಎಂದಿನಂತೆ ಕೈ ಕೊಟ್ಟಳು. ಆಚೆ ದಂಡೆಯಲ್ಲಿ ಒಂದು ಹೋಟೆಲಿದೆ, ಅಲ್ಲಿ ನೀರು ತುಂಬಿಸಿಕೊಂಡರಾಯಿತು ಎಂದುಕೊಂಡಿದ್ದೆವು. ಮಳೆಗಾಲಕ್ಕೆಂದು ಮುಚ್ಚಿದ ಹೋಟೆಲನ್ನು ಇನ್ನೂ ತೆರೆದಿರಲಿಲ್ಲ. ತಗಡಿನ ಬಾಗಿಲಿಗೆ ಹಗ್ಗ ಬಿಗಿದಿತ್ತು. ಹಿಂದಕ್ಕೆ ಹೋಗುವುದಕ್ಕಿಂತ ಮುಂದಿನ ಗುಡ್ಡ ದಾಟಿ ಊರು ಸೇರುವುದೇ ಹತ್ತಿರ ಎಂದು ಅತ್ತಿಗೆ ಹೇಳಿದಳು. ನನ್ನ ಬಾಟಲಿಯಲ್ಲಿ ತಳಕ್ಕೆ ಸ್ವಲ್ಪ ನೀರಿತ್ತು.

ಎರಡನೆಯ ಗುಡ್ಡದ ನಡುವೆ ಅವಳ ನಡಿಗೆ ಬದಲಾಯಿತು. ಯಾವಾಗಲೂ ಮುಂದೆ ಇರುವವಳು ಹಿಂದೆ ಬಿದ್ದಳು. ತಿರುಗಿ ನೋಡಿದರೆ ಕೊಡೆ ಕೆಳಗೆ ಬಿದ್ದಿತ್ತು, ಅವಳು ಎರಡೂ ಕೈಯಿಂದ ತಲೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

"ತಂಗಿ, ಬುಟ್ಟಿ ಎಲ್ಲಿ ಇಟ್ಟೆ?"

"ಯಾವ ಬುಟ್ಟಿ, ಅತ್ತಿಗೆ?"

"ಮೀನು ಹಾಳಾತದೆ. ಬುಟ್ಟಿ ಎಲ್ಲಿ?"

ಮುಖ ಕೆಂಪಾಗಿತ್ತು, ಮೈ ಮುಟ್ಟಿದರೆ ಕಾದ ಹೆಂಚು, ಒಂದು ಹನಿ ಬೆವರಿಲ್ಲ. ಅವಳನ್ನು ಎಳೆದುಕೊಂಡು ಹೋಗಿ ಒಂದು ಪೊದೆಯ ಬುಡದಲ್ಲಿ ಮಲಗಿಸಿ, ಬಿಸಿಲು ಬರುವ ಕಡೆಗೆ ಅವಳ ಕೊಡೆ ಬಿಚ್ಚಿಟ್ಟೆ. ಉಳಿದಿದ್ದ ನೀರನ್ನು ಬಾಯಿಗೆ ಹನಿಸಿದೆ. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಸುತ್ತ ಒಂದು ಮನುಷ್ಯಪ್ರಾಣಿ ಇಲ್ಲ. ಕೆಳಗೆ ಮಾತ್ರ, ಬಂಡೆಗಳಿಂದ ಸ್ವಲ್ಪ ಆಚೆ, ಒಂದು ಪಾತಿ ದೋಣಿಯಲ್ಲಿ ಇಬ್ಬರು ಬಲೆ ಎಳೆಯುತ್ತಿದ್ದರು.

ನಾನು ಕೂಗಿದೆ. ಗಾಳಿ ನನ್ನ ಕಡೆಗೇ ಬೀಸುತ್ತಿತ್ತು, ಕೂಗು ಅವರಿಗೆ ಮುಟ್ಟಲಿಲ್ಲ. ಇಳಿದೇ ಹೋಗಬೇಕಿತ್ತು. ಆ ಇಳಿಜಾರನ್ನು ಈಗ ಯಾರಾದರೂ ತೋರಿಸಿ ಇಳಿ ಎಂದರೆ ಆಗುವುದಿಲ್ಲ ಎನ್ನುತ್ತೇನೆ. ಸಡಿಲು ಕಲ್ಲು, ಹಿಡಿಯಲು ಹುಲ್ಲು ಬಿಟ್ಟರೆ ಏನೂ ಇಲ್ಲ. ನಿಂತು ಇಳಿಯಲು ಧೈರ್ಯ ಸಾಲಲಿಲ್ಲ. ಕುಂಡೆಯ ಮೇಲೆ ಕೂತು, ಎಡಗಾಲಿನಲ್ಲಿ ತಡೆ ಕೊಡುತ್ತ, ಮಕ್ಕಳ ಜಾರುಬಂಡೆಯ ಹಾಗೆ ಜಾರಿದೆ. ಚೂಡಿದಾರ ಹರಿಯಿತು, ಅಂಗೈ ತರಚಿತು. ಅರ್ಧಕ್ಕೆ ಬಂದಾಗ ಒಂದು ಕಲ್ಲು ನನ್ನೊಡನೆ ಕಳಚಿಕೊಂಡು ಕೆಳಗುರುಳಿ ನೀರಿಗೆ ಬಿತ್ತು. ಆ ಸದ್ದಿಗೋ ಏನೋ ದೋಣಿಯವರು ತಲೆಯೆತ್ತಿದರು. ನಾನು ನನ್ನ ಕೊಡೆಯನ್ನು ಬಿಚ್ಚುತ್ತ ಮುಚ್ಚುತ್ತ ಆಡಿಸಿದೆ. ಬಂಡೆಯವರೆಗೆ ಬಂದು, "ನೀರು, ಕುಡೂಕೆ ನೀರು," ಎಂದು ಕೂಗಿದೆ.

ಅಲೆ ಬಂಡೆಗೆ ಬಡಿಯುತ್ತಿದ್ದುದರಿಂದ ದೋಣಿ ಹತ್ತಿರ ಬರಲು ಆಗುತ್ತಿರಲಿಲ್ಲ. ಇಬ್ಬರೂ ಏನೋ ಮಾತಾಡಿಕೊಂಡರು. ಆಮೇಲೆ ಅವರಲ್ಲಿ ದೊಡ್ಡವರು, ನರೆತ ಗಡ್ಡದವರು, ಅಂಗಿ ಬಿಚ್ಚಿ ನೀರಿಗೆ ಹಾರಿದರು. ಅರ್ಧ ತುಂಬಿದ ಪ್ಲಾಸ್ಟಿಕ್ ಕ್ಯಾನನ್ನು ಎದೆಯ ಕೆಳಗೆ ಒತ್ತಿಕೊಂಡು, ಒಂದು ಅಲೆ ಬಿಟ್ಟು ಇನ್ನೊಂದರ ಮೇಲೆ ತೇಲಿ ಬಂದು ಬಂಡೆ ಹಿಡಿದರು. ಯಾರು, ಎತ್ತ ಎಂದು ಒಂದು ಮಾತು ಕೇಳಲಿಲ್ಲ. "ಎಲ್ಲಿ?" ಎಂದರು. ನಾನು ಮೇಲೆ ತೋರಿಸಿದೆ. ಅವರು ಹತ್ತಿದರು. ನಾನೂ ಹತ್ತಿದೆ, ಹೇಗೆ ಹತ್ತಿದೆನೋ ಅದು ನೆನಪಿಲ್ಲ.

ಅತ್ತಿಗೆ ಕಣ್ಣು ಮುಚ್ಚಿ ಮಲಗಿದ್ದಳು. ಅವರು ಅವಳ ತಲೆ, ಕುತ್ತಿಗೆ, ಅಂಗಾಲಿಗೆ ನೀರು ಹೊಯ್ದರು. ನಾನು ದುಪಟ್ಟಾ ಒದ್ದೆ ಮಾಡಿ ಎದೆಯ ಮೇಲೆ ಹಾಸಿ ಗಾಳಿ ಹಾಕಿದೆ. ಎಷ್ಟು ಹೊತ್ತೋ. ಕೊನೆಗೆ ಅವಳ ತುಟಿ ಅಲುಗಿತು. ಕೈಬೊಗಸೆಯಿಂದ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟೆವು. ಕಣ್ಣು ತೆರೆದು, ಎದುರಿಗೆ ಕೂತ ಒದ್ದೆ ಮೈಯ ಗಂಡಸನ್ನು ನೋಡಿದಳು. ಅವರ ತೋಳಿಗೆ ಅಂಟಿದ್ದ ಮೀನಿನ ಚಕ್ಕೆಯ ಮೇಲೆ ಅವಳ ಕಣ್ಣು ನಿಂತಿತು.

"ಎಂತ ಮೀನು ಸಿಕ್ತು?" ಅಂತ ಕೇಳಿದಳು.

"ಬಂಗಡೆ. ಜಾಸ್ತಿ ಇಲ್ಲ," ಎಂದರು ಅವರು.

ನಾನು ಮುಖ ಆಚೆ ತಿರುಗಿಸಿದೆ.

ಗುಡ್ಡದ ಆಚೆ ಮಗ್ಗುಲಿಗೆ ದೋಣಿ ನಿಲ್ಲುವಂಥ ಸಣ್ಣ ಮರಳ ಜಾಗ ಇತ್ತು. ಇನ್ನೊಬ್ಬ ಅಲ್ಲಿಗೆ ದೋಣಿ ಸುತ್ತಿಸಿ ತಂದ. ಬಿಸಿಲು ಇಳಿದ ಮೇಲೆ ಅತ್ತಿಗೆಯನ್ನು ನಡುವೆ ಹಿಡಿದು ನಡೆಸಿಕೊಂಡು ಹೋಗಿ ಹತ್ತಿಸಿದೆವು. ಕುಮಟೆಯ ಕಡೆಯ ದಂಡೆಗೆ ತಂದುಬಿಟ್ಟು, ರಸ್ತೆಗೆ ಹೋಗಿ ಆಟೋ ಕರೆದು, ನಾವು ಹತ್ತುವವರೆಗೂ ನಿಂತಿದ್ದರು. "ಇನ್ನು ಬಸ್ಸಿಗೆ ಹೋಗಿ," ಎಂದು ಆ ಹಿರಿಯರು ಹೇಳಿದಾಗ ಅತ್ತಿಗೆ ಹೂಂ ಎಂದಳು. ಅವಳು ಆ ಮಾತಿಗೆ ಹೂಂ ಎಂದದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ರಕ್ತ ತೆಗೆದರು. ರಿಪೋರ್ಟ್ ಬರುವವರೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಡಾಕ್ಟರು ವಯಸ್ಸಿನಲ್ಲಿ ನಮಗಿಂತ ಎಷ್ಟೋ ಚಿಕ್ಕವಳಾದ ಹೆಣ್ಣುಮಗಳು. ಕಾಗದ ನೋಡಿ ನಕ್ಕಳು. "ಕಿಡ್ನಿ ಸರಿ ಇದೆ, ಹಾರ್ಟ್ ಸರಿ ಇದೆ. ಮೈಯಲ್ಲಿ ನೀರೇ ಇರಲಿಲ್ಲ, ಅಷ್ಟೇ. ಈ ಬಿಸಿಲಲ್ಲಿ ಯಾಕಮ್ಮ ನೀರು ಕುಡಿಯಲಿಲ್ಲ?"

ಅತ್ತಿಗೆ ಡ್ರಿಪ್ಪಿನ ಬಾಟಲಿ ನೋಡುತ್ತ ಹೇಳಿದಳು.

"ಕುಡಿದ್ರೆ ಮತ್ತೆ ಹೋಗಿ ಕೂರಬೇಕಲ್ಲ, ಎಲ್ಲಿ ಕೂರೂದು? ಬುಟ್ಟಿ ಹೊತ್ತವಳಿಗೆ ಯಾರ ಮನೆಯ ಪಾಯಖಾನೆ ತೆಗೀತ್ರು? ಬೆಳಗ್ಗೆ ಮನೆ ಬಿಟ್ರೆ ಮತ್ತೆ ಮನೆಗೆ ಬಂದ ಮೇಲೇ ನೀರು. ಹಂಗೇ ರೂಢಿ ಆಗಿ ಹೋತು."

ಡಾಕ್ಟರು ಕೈಯಲ್ಲಿದ್ದ ಪೆನ್ನು ಮುಚ್ಚಿ ಸ್ಟೂಲಿನ ಮೇಲೆ ಕೂತಳು. "ಈಗ ಬುಟ್ಟಿ ಇಲ್ಲವಲ್ಲ," ಎಂದಳು ಮೆಲ್ಲಗೆ. "ದಂಡೆಯ ಮೇಲೆ ಯಾವ ಗಾಳಿಮರದ ಹಿಂದೆ ಬೇಕಾದರೂ ಕೂತುಕೊಳ್ಳಿ. ಯಾರಾದರೂ ಕೇಳಿದರೆ ಡಾಕ್ಟರು ಹೇಳಿದ್ದಾರೆ ಅನ್ನಿ."

ಅತ್ತಿಗೆ ನಗಲು ಹೋಗಿ ಕೆಮ್ಮಿದಳು. ನಾನು ಹೊರಗೆ ಬಂದು ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಬನ್ಸ್ ತರಿಸಿದೆ. ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಬಿಸಿ ಬನ್ಸಿನ ಮೊದಲ ತುತ್ತು ಬಾಯಿಗಿಟ್ಟಾಗ ಕಣ್ಣಲ್ಲಿ ನೀರು ಬಂತು. ಅಳುತ್ತಲೇ ಪೂರಾ ತಿಂದು, ಇನ್ನೊಂದು ಪ್ಲೇಟು ತರಿಸಿದೆ. ಅಂಗೈ ಉರಿಯುತ್ತಿತ್ತು, ತೊಡೆ ರಾಡಿನ ಉದ್ದಕ್ಕೂ ಸಿಡಿಯುತ್ತಿತ್ತು. ಆ ಇಳಿಜಾರನ್ನು ಯಾರ ಕೈಯೂ ಹಿಡಿಯದೆ ಇಳಿದೆ ಎಂಬುದು ಆಗ ಹೊಳೆಯಿತು. ಮತ್ತೆ ಇಳಿಯುವ ಆಸೆಯೇನೂ ಹುಟ್ಟಲಿಲ್ಲ, ಆದರೆ ಇಳಿದದ್ದಂತೂ ಹೌದು.

ಹೊಳನಗದ್ದೆಗೆ ವಾಪಸ್ಸು ಬಂದೆವು. ಚಿಕ್ಕಮ್ಮ ಬೈಯಲಿಲ್ಲ, ಹೊತ್ತು ಹೊತ್ತಿಗೆ ಉಪ್ಪು ಹಾಕಿದ ಗಂಜಿ ತಿಳಿ, ಕೋಕಂ ಶರಬತ್ತು ಮಾಡಿ ಅತ್ತಿಗೆಯ ಮುಂದೆ ಇಟ್ಟು, ಲೋಟ ಖಾಲಿಯಾಗುವವರೆಗೆ ಎದುರಿಗೇ ಕೂರುತ್ತಿದ್ದಳು. ಗದ್ದೆಯಲ್ಲಿ ಭತ್ತ ಹಣ್ಣಾಗಿತ್ತು. ಸಂಜೆಯ ಮೋಡ ಈ ಕಡೆ ಬಂದು ಮಳೆ ಸುರಿದರೆ ಬೆಳೆಯೆಲ್ಲ ನೆಲಕ್ಕೆ ಮಲಗುತ್ತದೆ ಎಂದು ಮನೆಯವರಿಗೆ ಚಿಂತೆ. ಅವರೂ ಘಟ್ಟ ನೋಡುತ್ತಿದ್ದರು, ನಾವೂ ಘಟ್ಟ ನೋಡುತ್ತಿದ್ದೆವು.

ಸುದ್ದಿ ಕೇಳಿ ಅಣ್ಣ ಭಟ್ಕಳದಿಂದ ಬಂದ. ಜಗಲಿಯಲ್ಲಿ ಕೂತು ಚಹಾ ಕುಡಿದ. ಹೆಂಡತಿಯ ಮುಖ ಒಂದು ಸಲ ನೋಡಿ ಮತ್ತೆ ಅಂಗಳ ನೋಡಿದ.

"ಸಾಕಾಗ್ಲಿಲ್ಲ ನಿಂಗೆ? ಮನೆಗೆ ನಡಿ," ಅಂದ.

"ಘಟ್ಟ ಹತ್ತಿ ಬತ್ತೆ."

"ಮತ್ತೆ ಬಿದ್ರೆ?"

"ನೀರು ಕುಡೀತೆ. ಎಲ್ಲಿ ಬೇಕಾದ್ರೂ ಕೂರ್ತೆ. ಡಾಕ್ಟರು ಚೀಟಿ ಕೊಟ್ಟಿರು."

ಚೀಟಿ ಗೀಟಿ ಏನೂ ಇರಲಿಲ್ಲ. ಅಣ್ಣನಿಗೆ ಇದೆಲ್ಲ ಎಂತ ಎಂದು ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಖಾಲಿ ಲೋಟ ಕೆಳಗಿಟ್ಟು, "ಹಂಗಾದ್ರೆ ನಾ ಬಸ್ಸಲ್ಲಿ ಮೇಲೆ ಹೋಗಿ ಕಾಯ್ತೆ. ಊಟ ತರ್ತೆ," ಎಂದ. ಅವನೂ ಹೊಳನಗದ್ದೆಯಲ್ಲೇ ಉಳಿದುಕೊಂಡ.

ಒಂದು ಸಂಜೆ ಮೂಡಣದಲ್ಲಿ ಗುಡುಗಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಗಾರ್ಡು ತಾನೇ ಫೋನ್ ಮಾಡಿದ. "ಅಕ್ಕಾ, ನೀರು ಮೊಣಕಾಲಿಗೆ ಬಂತು. ಜರಿದಲ್ಲಿ ಮಣ್ಣೂ ಸರಿಸಿ ಆತು. ನಾಳೆ ಬನ್ನಿ."

ಬೆಳಗ್ಗೆ ಘಟ್ಟದ ಬುಡದಲ್ಲಿ ಗಾರ್ಡು ಕತ್ತಿ ಹಿಡಿದು ಕಾಯುತ್ತಿದ್ದ. ಹಳ್ಳ ತಣ್ಣಗಿತ್ತು, ಕಾಲಿಟ್ಟರೆ ಬಿಸಿಲಿಗೆ ಸುಟ್ಟ ಚರ್ಮವೆಲ್ಲ ಒಮ್ಮೆಲೇ ಉಸಿರುಬಿಟ್ಟಂತಾಯಿತು. ಆಚೆಗೆ ದಾರಿ ಮರಗಳ ಅಡಿಯಲ್ಲಿ ಏರಿತು. ಎಷ್ಟೋ ದಿನದ ಮೇಲೆ ನೆರಳಿನಲ್ಲಿ ನಡೆದೆವು. ರಕ್ತ ಹೀರುವ ಉಂಬಳ ಕಾಲಿಗೆ ಹತ್ತಿದವು, ಸುಣ್ಣ ಮುಟ್ಟಿಸಿ ಉದುರಿಸಿದೆವು. ಗುಡ್ಡ ಜರಿದ ಜಾಗದಲ್ಲಿ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಅಲ್ಲಿ ನಾನು ನಿಂತೆ, ಗಾರ್ಡು ಕೈ ಚಾಚಿದ, ಹಿಡಿದುಕೊಂಡೇ ದಾಟಿದೆ. ಅತ್ತಿಗೆ ತಾನಾಗಿ ಬಾಟಲಿ ಕೇಳಿ ಕುಡಿಯುತ್ತಿದ್ದಳು. ಒಂದು ತಿರುವಿನಲ್ಲಿ, "ನೀವು ಮುಂದೆ ನಡೀರಿ. ನಂಗೆ ಸ್ವಲ್ಪ ಕೆಲಸ ಉಂಟು," ಎಂದು ಗಾರ್ಡಿಗೆ ಕೇಳುವ ಹಾಗೇ ಹೇಳಿ ಪೊದೆಯ ಹಿಂದೆ ಹೋದಳು. ತಿರುಗಿ ಬಂದಾಗ ಅವಳ ಮುಖದಲ್ಲಿದ್ದ ಸಮಾಧಾನವನ್ನು ನಾನು ಮೊದಲು ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮರ ವಿರಳವಾಗಿ, ಗಾಳಿ ತಂಪಾಗಿ, ಮುಂದೆ ಡಾಂಬರು ರಸ್ತೆ ಕಂಡಿತು. ಗಾರ್ಡು ಅಲ್ಲಿಂದ ಹಿಂದಿರುಗಿದ. ರಸ್ತೆಯ ಬದಿಗೆ ಒಂದು ಬಸ್ ತಂಗುದಾಣ. ಅದರ ಕಲ್ಲುಬೆಂಚಿನ ಮೇಲೆ ಯಾರೋ ಮಲಗಿದ್ದರು, ಪಕ್ಕದಲ್ಲಿ ಬುತ್ತಿಯ ಚೀಲ. ಹತ್ತಿರ ಹೋದರೆ ನಮ್ಮ ಅಣ್ಣ. ಮುಖ ಬಿಳಿಚಿಕೊಂಡಿತ್ತು, ಹಣೆಯ ಮೇಲೆ ಒದ್ದೆ ಕರವಸ್ತ್ರ.

"ಎಂತ ಆತು?" ಅತ್ತಿಗೆ ಓಡಿದಳು.

ಅಣ್ಣ ಕಣ್ಣು ತೆರೆಯದೆ, "ಈ ಬಸ್ಸು," ಎಂದ. "ಆ ತಿರುವು. ಮೂರ್ನಾಲ್ಕು ಸಲ ಕಿಟಕಿಯಿಂದ ತಲೆ ಹೊರಗೆ ಹಾಕ್ದೆ."

ಚಿಕ್ಕಂದಿನಿಂದ ಸಮುದ್ರದ ಮೇಲೆ ಇದ್ದವನು, ತೂಫಾನಿನಲ್ಲೂ ವಾಂತಿ ಮಾಡಿದವನಲ್ಲ. ಅತ್ತಿಗೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಬೆಂಚಿನ ತುದಿಗೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನನಗೂ ತಡೆಯಲಾಗಲಿಲ್ಲ. ಅಣ್ಣ ಮೊದಲು ಸಿಟ್ಟಾದ, ಆಮೇಲೆ ಮಲಗಿದಲ್ಲೇ ಅವನ ಹೊಟ್ಟೆಯೂ ಕುಲುಕಿತು.

ಅವನಿಗೆ ಕೂರಲು ಆಗುವವರೆಗೆ ನಾವಿಬ್ಬರೂ ಬುತ್ತಿ ಬಿಚ್ಚಿ ಉಂಡೆವು. ಅವನ ಪಾಲಿನ ಹುರಿದ ಮೀನು ಅವನಿಗೆ ಬೇಡವಾಗಿತ್ತು, ಅದನ್ನೂ ಹಂಚಿಕೊಂಡೆವು. ಕೆಳಗೆ ಹೋಗುವ ಬಸ್ಸು ಬಂದಾಗ ಮೂವರೂ ಹತ್ತಿದೆವು, ಮತ್ತೆ ವಾಂತಿ ಆಗದಿರಲೆಂದು ಅತ್ತಿಗೆ ಕಂಡಕ್ಟರಿಗೆ ಹೇಳಿ ಅವನಿಗೆ ಡ್ರೈವರಿನ ಪಕ್ಕದ ಸೀಟು ಕೊಡಿಸಿದಳು.